ಶಾಂಪೂ ಮೇಲೆ ಅನುಮಾನ, ಡೈ ಮೇಲೆ ನಂಬಿಕೆ

ರಬಕವಿ-ಬನಹಟ್ಟಿಯಲ್ಲಿ ನೇಕಾರ ಮನೆಗಳವರು, ಬ್ಯೂಟಿ ಪಾರ್ಲರ್ ಮತ್ತು ಕಟಿಂಗ್ ಅಂಗಡಿ ನಡೆಸುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ.

ಬಣ್ಣದ ಊರಿಗೆ ಬಂದು ಬಣ್ಣದ ಬಗ್ಗೆ ಮಾತಾಡುವುದು ಸ್ವಲ್ಪ ಧೈರ್ಯದ ಕೆಲಸವೇ. ಕಾಸ್ಟಿಕ್ ಎಷ್ಟು, ಹೈಡ್ರೋ ಎಷ್ಟು, ನೂಲು ಎಷ್ಟು ಹೊತ್ತು ನೆನೆಯಬೇಕು ಎನ್ನುವುದೆಲ್ಲ ಹಿಂದಿನ ಸಾಲಿನಲ್ಲಿ ಕೂತಿರುವ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟವನು, ಡಾಕ್ಟರ್ ಅಲ್ಲ. ಯಾರ ತಲೆ ನೋಡಿಯೂ ಔಷಧ ಬರೆದುಕೊಡುವುದಿಲ್ಲ. ತಲೆಗೆ ಹಚ್ಚುವ ಬಾಟಲಿ, ಪೊಟ್ಟಣಗಳ ಒಳಗೆ ಏನಿರುತ್ತದೆ, ಅದರಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ಹೇಳಬಲ್ಲೆ.

'ನೀರೂ ಒಂದು ಕೆಮಿಕಲ್ಲೇ ಅಲ್ವಾ' ಎನ್ನುವ ಮೇಷ್ಟ್ರುಗಳ ಹಳೇ ಜೋಕು ಇವತ್ತು ಬೇಡ. ಜನ ಕೆಮಿಕಲ್ ಅಂದರೆ ಹೆದರುವುದಕ್ಕೆ ಕಾರಣ ಇದ್ದೇ ಇದೆ. ನನ್ನ ತಕರಾರು ಬೇರೆ. ನಾವು ಹೆದರುವ ಜಾಗವೇ ತಪ್ಪಿದೆ. ಕಿರಾಣಿ ಅಂಗಡಿಯಲ್ಲಿ ಶಾಂಪೂ ಬಾಟಲಿ ತಿರುಗಿಸುತ್ತೇವೆ. ಹಿಂದಿನ ಉದ್ದುದ್ದ ಹೆಸರು ನೋಡಿ 'ಏನೇನೋ ಹಾಕಿರ್ತಾರ ಬಿಡ್ರಿ' ಎಂದು ವಾಪಸ್ ಇಡುತ್ತೇವೆ. ಹೊರಡುವಾಗ ಮೇಲೆ ತೂಗುಹಾಕಿದ ಸರದಿಂದ ಒಂದು ಡೈ ಪೊಟ್ಟಣ ಹರಿದುಕೊಂಡು, ಒಂದಕ್ಷರ ಓದದೆ ಜೇಬಿಗೆ ಹಾಕಿಕೊಳ್ಳುತ್ತೇವೆ.

ಯಾವ ಬಾಟಲಿ ಕೈಗೆ ಬಂದರೂ ನಾನು ಕೇಳಿಕೊಳ್ಳುವುದು ಇಷ್ಟು. ಇದು ತಲೆಯ ಮೇಲೆ ಎಷ್ಟು ಹೊತ್ತು ಕೂರುತ್ತದೆ? ಇದರ ಹೊಗೆ ಮೂಗಿಗೆ ಹೋಗುತ್ತದೆಯಾ? ದಿನಕ್ಕೆ ಎಷ್ಟು ಸಲ, ಯಾರ ಕೈ ಇದನ್ನು ಮುಟ್ಟುತ್ತದೆ?

ಮೊದಲು ಶಾಂಪೂ ನೋಡೋಣ. ಬಾಟಲಿಯಲ್ಲಿ ಹೆಚ್ಚಿನ ಪಾಲು ನೀರು. ಉಳಿದದ್ದರಲ್ಲಿ ಮುಖ್ಯವಾದದ್ದು ಜಿಡ್ಡು ತೆಗೆದು ನೊರೆ ಬರಿಸುವ ವಸ್ತು. ಲೇಬಲ್ಲಿನಲ್ಲಿ ಅದು ಸೋಡಿಯಂ ಲಾರಿಲ್ ಸಲ್ಫೇಟ್ ಅಥವಾ ಸೋಡಿಯಂ ಲಾರೆತ್ ಸಲ್ಫೇಟ್ ಎಂದಿರುತ್ತದೆ. ಇದರ ಮೇಲಿನ ಅಪವಾದ ಹಳೆಯದು. 1998ರ ಸುಮಾರಿಗೆ, ಅಂದರೆ ವಾಟ್ಸ್ಆ್ಯಪ್ ಹುಟ್ಟುವುದಕ್ಕೆ ಎಷ್ಟೋ ಮೊದಲು, 'ಶಾಂಪೂವಿನ ಈ ವಸ್ತುವಿನಿಂದ ಕ್ಯಾನ್ಸರ್ ಬರುತ್ತದೆ' ಎಂಬ ಇಮೇಲ್ ಜಗತ್ತೆಲ್ಲ ಸುತ್ತಿತು. ಅದಕ್ಕೆ ಆಗಲೂ ಆಧಾರ ಇರಲಿಲ್ಲ, ಈಗಲೂ ಇಲ್ಲ. ಹಾಗಂತ ಅದು ಸಾಧು ವಸ್ತು ಅಂತಲ್ಲ. ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಚರ್ಮ ಒಣಗಿಸುತ್ತದೆ. ಲಾರಿಲ್‌ಗಿಂತ ಲಾರೆತ್ ಮೃದು. ಆದರೆ ಲಾರೆತ್ ತಯಾರಿಸುವಾಗ 1,4-ಡೈಆಕ್ಸೇನ್ ಎಂಬ ಬೇಡದ ವಸ್ತು ಚೂರುಪಾರು ಹುಟ್ಟಿಕೊಳ್ಳುತ್ತದೆ. ಅದು ಕ್ಯಾನ್ಸರ್‌ಕಾರಕ ಇರಬಹುದು ಎಂಬ ಪಟ್ಟಿಯಲ್ಲಿದೆ. ಕಾರ್ಖಾನೆಯವರು ಮನಸ್ಸು ಮಾಡಿದರೆ ಅದನ್ನು ಎಳೆದು ತೆಗೆಯಬಹುದು. ಬೇಕೆಂದು ಹಾಕಿದ್ದಲ್ಲವಾದ್ದರಿಂದ ಲೇಬಲ್ಲಿನಲ್ಲಿ ಅದರ ಹೆಸರು ಬರುವುದಿಲ್ಲ. ಅದಕ್ಕೇ ನಾನು ಒಳಗಿನ ಹೆಸರುಗಳಿಗಿಂತ ಮೊದಲು ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಹುಡುಕುತ್ತೇನೆ. ಸಂತೆಯಲ್ಲಿ ಕ್ಯಾನಿನಿಂದ ಅಳೆದು ಕೊಡುವ ಶಾಂಪೂವಿಗೆ ಇವು ಯಾವುವೂ ಇರುವುದಿಲ್ಲ.

ಇನ್ನು ಪ್ಯಾರಾಬೆನ್. ನೀರಿರುವ ಬಾಟಲಿ ಬಚ್ಚಲುಮನೆಯಲ್ಲಿ ತಿಂಗಳುಗಟ್ಟಲೆ ಇದ್ದರೆ ಕ್ರಿಮಿ ಬೆಳೆಯುತ್ತದೆ. ಅದನ್ನು ತಡೆಯಲು ಹಾಕುವ ವಸ್ತು ಇದು. 2004ರಲ್ಲಿ ಇಂಗ್ಲೆಂಡಿನ ಫಿಲಿಪ್ಪಾ ಡಾರ್ಬ್ರೆ ಮತ್ತು ಅವರ ಜೊತೆಗಾರರು 20 ಸ್ತನ ಗಡ್ಡೆಗಳ ಮಾದರಿ ಪರೀಕ್ಷಿಸಿ, ಒಳಗೆ ಪ್ಯಾರಾಬೆನ್ ಇದೆ ಎಂದು ವರದಿ ಮಾಡಿದರು. ದೊಡ್ಡ ಗದ್ದಲವಾಯಿತು. ಆದರೆ ಗಡ್ಡೆಯಲ್ಲಿ ಇತ್ತು ಅಂದಮಾತ್ರಕ್ಕೆ ಅದರಿಂದಲೇ ಗಡ್ಡೆ ಬಂತು ಎಂದಾಗುವುದಿಲ್ಲ. ಆರೋಗ್ಯವಂತರ ಅಂಗಾಂಶದಲ್ಲಿ ಎಷ್ಟಿದೆ ಎಂದು ಅಲ್ಲಿ ಹೋಲಿಸಿ ನೋಡಿರಲಿಲ್ಲ. ಯುರೋಪ್ 2014ರಲ್ಲಿ ಕೆಲವು ಬಗೆಯ ಪ್ಯಾರಾಬೆನ್ ನಿಲ್ಲಿಸಿತು, ಉಳಿದವಕ್ಕೆ ಮಿತಿ ಹಾಕಿತು.

ಕಂಪನಿಗಳು ಮಾತ್ರ 'ಪ್ಯಾರಾಬೆನ್ ಫ್ರೀ' ಎಂದು ದೊಡ್ಡದಾಗಿ ಬರೆದು ಅದರ ಜಾಗಕ್ಕೆ ಬೇರೆಯದನ್ನು ತಂದವು. ಹಾಗೆ ಬಂದವುಗಳಲ್ಲಿ ಒಂದು ಮಿಥೈಲ್‌ಐಸೊಥಯಾಝೊಲಿನೋನ್. ಇದರಿಂದ ಚರ್ಮದ ಅಲರ್ಜಿ ಎಷ್ಟು ಹೆಚ್ಚಿತು ಅಂದರೆ, ಅಮೆರಿಕದ ಚರ್ಮತಜ್ಞರ ಸಂಘವೊಂದು 2013ರಲ್ಲಿ ಇದಕ್ಕೆ 'ವರ್ಷದ ಅಲರ್ಜಿಕಾರಕ' ಎಂಬ ಪಟ್ಟ ಕಟ್ಟಿತು. ಯುರೋಪ್ ಆಮೇಲೆ ಇದನ್ನು ಹಚ್ಚಿ ಬಿಡುವ ಕ್ರೀಮುಗಳಿಂದ ತೆಗೆಸಿತು. ತೊಳೆದುಬಿಡುವ ಶಾಂಪೂಗಳಲ್ಲಿ ಹತ್ತು ಲಕ್ಷಕ್ಕೆ 15 ಭಾಗ ಸಾಕು ಎಂದಿತು. ಹಾಗಾಗಿ 'ಫ್ರೀ' ಎಂದು ಬರೆದದ್ದಕ್ಕೆ ಜಾಸ್ತಿ ದುಡ್ಡು ಕೊಡುವ ಮೊದಲು, ಬದಲಿಗೆ ಏನು ಹಾಕಿದ್ದಾರೆ ಎಂದು ಒಂದು ಸಲ ನೋಡಿ.

ಹೊಟ್ಟಿನ ಶಾಂಪೂ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಯಾಕಂದರೆ ಈ ಸುದ್ದಿ ಫೋನಿನಲ್ಲಿ ಬರುತ್ತಲೇ ಇರುತ್ತದೆ. ಹೊಟ್ಟು ತಡೆಯಲು ಹಾಕುವ ಝಿಂಕ್ ಪೈರಿಥಿಯೋನನ್ನು ಯುರೋಪಿನಲ್ಲಿ 2022ರ ಮಾರ್ಚಿನಿಂದ ಸೌಂದರ್ಯವರ್ಧಕಗಳಲ್ಲಿ ಹಾಕುವಂತಿಲ್ಲ. ನಮ್ಮಲ್ಲಿ ಸಿಗುತ್ತದೆ. 'ಅವರಿಗೆ ಬೇಡವಾದದ್ದು ನಮಗೆ' ಎಂದು ಸಿಟ್ಟು ಬರುವುದು ಸಹಜ. ಆದರೆ ತೊಳೆದುಬಿಡುವ ಶಾಂಪೂವಿನಲ್ಲಿ ಶೇ 1ರವರೆಗೆ ಇದ್ದರೆ ತೊಂದರೆ ಇಲ್ಲ ಎಂದು ಅಲ್ಲಿನ ವಿಜ್ಞಾನಿಗಳ ಸಮಿತಿಯೇ 2020ರಲ್ಲಿ ಹೇಳಿತ್ತು. ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದು ಎಂಬ ವರ್ಗಕ್ಕೆ ಅದು ಸೇರಿದ ಮೇಲೆ, ಬೇರೆ ಔಷಧಗಳು ಇರುವಾಗ ಇದು ಯಾಕೆ ಎಂಬ ನಿಯಮದಡಿ ಹೊರಗೆ ಹೋಯಿತು. ವಾರಕ್ಕೆರಡು ಸಲ ಹಚ್ಚಿ ತೊಳೆದುಕೊಳ್ಳುವವರು ಇದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.

ಶಾಂಪೂವಿನ ವಿಷಯ ಇಲ್ಲಿಗೆ ಬಿಡುತ್ತೇನೆ. ಅದು ತಲೆಯ ಮೇಲೆ ಇರುವುದೇ ಎರಡು ನಿಮಿಷ.

ಈಗ ಡೈ. ಮೇಜಿನ ಮೇಲೆ ಗಾಜಿನ ಬಟ್ಟಲು ಇಟ್ಟಿದ್ದೇನೆ. ಗ್ಲೌಸ್ ಹಾಕಿಕೊಂಡೆ. ನಿಮ್ಮದೇ ಊರಿನ ಅಂಗಡಿಯಿಂದ ತಂದ ಪೌಡರ್ ಡೈ ಪೊಟ್ಟಣ ಒಡೆದು ಸುರಿಯುತ್ತೇನೆ. ನೋಡಿ, ಮಸುಕು ಹಸಿರು ಛಾಯೆಯ ಬೂದು ಪುಡಿ. ಇದರಲ್ಲಿ ಕಪ್ಪು ಎಲ್ಲಿದೆ? ಎಲ್ಲೂ ಇಲ್ಲ. ಈಗ ನೀರು ಹಾಕಿ ಕಡ್ಡಿಯಿಂದ ಕಲಸುತ್ತೇನೆ. ಮುಂದಿನ ಸಾಲಿನ ಅಕ್ಕಂದಿರಿಗೆ ಕಾಣುತ್ತಿರಬೇಕು, ಅಂಚಿನಲ್ಲಿ ಮೊದಲು ಕಂದು ಬಂತು. ಈಗ ಮೇಲೆಲ್ಲ ನೇರಳೆ ಮಿಶ್ರಿತ ಕಪ್ಪು ಕೆನೆ ಕಟ್ಟುತ್ತಿದೆ. ಕಡ್ಡಿಯಿಂದ ಗೀರಿದರೆ ಕೆಳಗೆ ಇನ್ನೂ ಹಸಿರು. ಗಾಳಿ ತಾಗಿದ ಕಡೆ ಮೊದಲು ಕಪ್ಪಾಗುತ್ತದೆ.

ನೇಕಾರರಿಗೆ ಇದು ಹೊಸದಲ್ಲ. ವ್ಯಾಟ್ ಬಣ್ಣದ ತೊಟ್ಟಿಯಿಂದ ಮೇಲೆತ್ತಿದ ನೂಲಿನ ಲಡಿ ಹಳದಿ-ಹಸಿರು ಇದ್ದದ್ದು, ಗಾಳಿಗೆ ಹಿಡಿದರೆ ಕಣ್ಣೆದುರೇ ನೀಲಿ ಆಗುತ್ತದಲ್ಲ, ಇಲ್ಲೂ ಆ ಜಾತಿಯ ಕೆಲಸವೇ ನಡೆಯುತ್ತಿರುವುದು. ಒಳಗಿನ ಮುಖ್ಯ ವಸ್ತುವಿನ ಹೆಸರು ಪ್ಯಾರಾ-ಫಿನಿಲೀನ್‌ಡೈಅಮೈನ್. ಚಿಕ್ಕದಾಗಿ ಪಿಪಿಡಿ. ಕಲ್ಲಿದ್ದಲ ಡಾಂಬರಿನಿಂದ ಅನಿಲಿನ್ ಬಣ್ಣಗಳು ಹುಟ್ಟಿದ 19ನೇ ಶತಮಾನದ ಕೂಸು ಇದು. ಮೊದಲು ಪ್ರಾಣಿಗಳ ತುಪ್ಪಳಕ್ಕೆ ಬಣ್ಣ ಹಾಕಲು ಬಳಸಿದರು, ಆಮೇಲೆ ಮನುಷ್ಯರ ತಲೆಗೆ ಬಂತು. ಪ್ಯಾರಿಸಿನಲ್ಲಿ ಯೂಜೀನ್ ಶೂಲರ್ ಎಂಬ ಕೆಮಿಸ್ಟ್ ಕೂದಲಿನ ಬಣ್ಣ ಮಾಡಿ ಮಾರಲು ಶುರು ಮಾಡಿದ್ದು 1907ರಲ್ಲಿ. ಲೋರಿಯಾಲ್ ಕಂಪನಿ ಹುಟ್ಟಿದ್ದು ಅಲ್ಲಿಂದ.

ಪಿಪಿಡಿ ತುಂಬ ಸಣ್ಣ ಅಣು. ಕೂದಲಿನ ಒಳಗೆ ಸಲೀಸಾಗಿ ನುಗ್ಗುತ್ತದೆ. ಒಳಗೆ ಹೋದ ಮೇಲೆ ಆಕ್ಸಿಜನ್ ಸಿಕ್ಕಿ ಒಂದಕ್ಕೊಂದು ಕೂಡಿಕೊಂಡು ದಪ್ಪ ಆಗುತ್ತವೆ, ಬಣ್ಣ ಬರುತ್ತದೆ, ಹೊರಗೆ ಬರಲು ದಾರಿ ಸಾಲುವುದಿಲ್ಲ. ಅದಕ್ಕೇ ಎಷ್ಟು ತೊಳೆದರೂ ಹೋಗುವುದಿಲ್ಲ. ಬಣ್ಣಗಾರನ ಕಣ್ಣಿಂದ ನೋಡಿದರೆ ಇದು ಭಾರಿ ಚಂದದ ರಸಾಯನ. ತೊಂದರೆ ಏನೆಂದರೆ, ಕೂದಲಿಗೆ ನುಗ್ಗುವ ಅಣು ಚರ್ಮಕ್ಕೂ ನುಗ್ಗುತ್ತದೆ. ಪೂರ್ತಿ ಕಪ್ಪಾಗಿ ಕೂದಲಲ್ಲಿ ಕೂತ ಬಣ್ಣದಿಂದ ಅಲರ್ಜಿ ಆಗುವುದಿಲ್ಲ. ಅರ್ಧ ಆಗಿರುವಾಗ, ಅಂದರೆ ತಲೆಯ ಮೇಲೆ ಹಚ್ಚಿಕೊಂಡು ಕೂತ ಆ ಅರ್ಧ ಗಂಟೆಯಲ್ಲೇ ಅದು ಚರ್ಮದ ಜೊತೆ ಜಗಳ ತೆಗೆಯುವುದು.

ಆ ಜಗಳ ತಕ್ಷಣ ಕಾಣುವುದಿಲ್ಲ. ಭಾನುವಾರ ಡೈ ಹಚ್ಚಿದರೆ ಸೋಮವಾರವೋ ಮಂಗಳವಾರವೋ ಕಿವಿಯ ಹಿಂದೆ ನವೆ ಶುರುವಾಗುತ್ತದೆ. ಹಣೆಯ ಕೂದಲಿನ ಅಂಚು ಕೆಂಪಾಗುತ್ತದೆ. ಆಮೇಲೆ ಕಣ್ಣಿನ ರೆಪ್ಪೆ ಊದುತ್ತದೆ, ಬೆಳಿಗ್ಗೆ ಎದ್ದರೆ ಕಣ್ಣು ತೆರೆಯಲಾಗದಷ್ಟು. ನೆತ್ತಿಯ ಚರ್ಮ ದಪ್ಪ, ಅಲ್ಲಿ ಅಷ್ಟಾಗಿ ಕಾಣುವುದಿಲ್ಲ. ರೆಪ್ಪೆಯ ಚರ್ಮ ತೆಳು, ಪೆಟ್ಟು ಅಲ್ಲಿಗೆ ಬೀಳುತ್ತದೆ. ಹಾಗಾಗಿ ಜನ ಏನೋ ಹುಳ ಮುಟ್ಟಿರಬೇಕು, ಊಟ ಆಗಿಬಂದಿಲ್ಲ ಎನ್ನುತ್ತಾರೆಯೇ ಹೊರತು ಡೈ ಮೇಲೆ ಅನುಮಾನ ಪಡುವುದಿಲ್ಲ. 'ಹತ್ತು ವರ್ಷದಿಂದ ಹಚ್ಚಾಕತ್ತೀನ್ರಿ, ಏನೂ ಆಗಿಲ್ಲ' ಎನ್ನುವ ಮಾತು ಇಲ್ಲಿ ಸಾಕ್ಷಿ ಆಗುವುದಿಲ್ಲ. ಎಷ್ಟೋ ಸಲ ಸುಮ್ಮನಿದ್ದ ಮೈ ಒಂದು ದಿನ ಅದನ್ನು ಗುರುತು ಹಿಡಿದುಬಿಡುತ್ತದೆ. ಒಮ್ಮೆ ಗುರುತು ಹಿಡಿದರೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ. ಅಂಥವರಿಗೆ ಕೆಲವು ಬಟ್ಟೆಯ ಬಣ್ಣಗಳು, ಬೆಂಝೊಕೇನ್ ಎಂಬ ಮರಗಟ್ಟಿಸುವ ಔಷಧ ಕೂಡ ಆಗದೇ ಹೋಗಬಹುದು. ನೂಲು ಬಣ್ಣದ ಕೆಲಸದವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ಇದಕ್ಕೆ ದಾರಿ ಕಾನೂನಿನಲ್ಲೇ ಬರೆದಿದೆ. ಇಂಥ ಡೈ ಪೊಟ್ಟಣದೊಳಗೆ ಪರೀಕ್ಷೆ ಮಾಡಿಕೊಳ್ಳುವ ವಿಧಾನವನ್ನು ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಕೊಡಬೇಕು ಎಂದು ನಮ್ಮ ದೇಶದ ನಿಯಮ ಹೇಳುತ್ತದೆ. ಕಿವಿಯ ಹಿಂದೆ ಅಥವಾ ಮುಂಗೈ ಒಳಬದಿಯಲ್ಲಿ ಸ್ವಲ್ಪ ಜಾಗ ತೊಳೆದು, ಕಲಸಿದ ಡೈ ಒಂದು ಚುಕ್ಕೆ ಹಚ್ಚಿ ಒಣಗಲು ಬಿಡಬೇಕು. 24 ಗಂಟೆ ಬಿಟ್ಟು ತೊಳೆದು ನೋಡಬೇಕು. ಕೆಂಪು, ಉರಿ, ನವೆ ಇಲ್ಲದಿದ್ದರೆ ತಲೆಗೆ. ನಾನಾದರೆ 48 ಗಂಟೆ ಕಾಯಿರಿ ಎನ್ನುತ್ತೇನೆ, ಯಾಕಂದರೆ ಈ ಅಲರ್ಜಿ ನಿಧಾನ. ಪ್ರತಿ ಸಲ ಹಚ್ಚುವ ಮೊದಲೂ ಈ ಪರೀಕ್ಷೆ ಆಗಬೇಕು ಅಂತಲೂ ಅದರಲ್ಲಿದೆ. ಹುಬ್ಬಿಗೆ, ರೆಪ್ಪೆಗೆ ಹಚ್ಚಲೇಬಾರದು, ಕಣ್ಣು ಹೋಗಬಹುದು ಎಂಬ ಎಚ್ಚರಿಕೆಯೂ ಇದೆ. ಈ ಪೊಟ್ಟಣದಲ್ಲೂ ಇದೆ, ನೋಡಿ. ಕೆಂಗಂದು ಕಾಗದದ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಅಕ್ಷರ. ಭೂತಗನ್ನಡಿ ತಂದಿದ್ದೇನೆ, ಆಮೇಲೆ ಬಂದು ಓದಿ. ಡೈ ಹಚ್ಚಿಕೊಳ್ಳುವ ವಯಸ್ಸಿನವರಿಗೆ ಈ ಅಕ್ಷರ ಕಾಣುವುದಿಲ್ಲ ಎಂದು ಮುದ್ರಿಸಿದವರಿಗೆ ಗೊತ್ತಿಲ್ಲದೆ ಇರುತ್ತದೆಯೇ?

'ಅಮೋನಿಯಾ ಇಲ್ಲ' ಎಂದು ಬರೆದದ್ದನ್ನು ನೋಡಿ ಸಮಾಧಾನ ಪಡುವವರು ಬಹಳ. ಅಮೋನಿಯಾದ ಕೆಲಸ ಕೂದಲಿನ ಮೇಲ್ಪದರ ಸಡಿಲಿಸುವುದು. ವಾಸನೆ ಕೆಟ್ಟದ್ದು, ಹಾಗಾಗಿ ಅದಕ್ಕೆ ಹೆಸರು ಕೆಟ್ಟಿದೆ. ಅದನ್ನು ತೆಗೆದು ಬೇರೆ ಕ್ಷಾರ ಹಾಕಿದರೂ ಪಿಪಿಡಿ ಒಳಗೆ ಹಾಗೇ ಇರಬಹುದು.

ಕಪ್ಪು ಮೆಹಂದಿ ಕಥೆ ಇನ್ನೂ ಮೋಸದ್ದು. ಮದರಂಗಿ ಎಲೆಯಲ್ಲಿರುವ ಬಣ್ಣದ ವಸ್ತು ಲಾಸೋನ್. ಅದು ಕೊಡುವುದು ಕೇಸರಿ, ಕೆಂಪು, ಹೆಚ್ಚೆಂದರೆ ಕಂದು. ನೀವು ಏನೇ ಮಾಡಿ, ಬರೀ ಮದರಂಗಿ ಅರ್ಧ ಗಂಟೆಯಲ್ಲಿ ಕಪ್ಪು ಆಗುವುದಿಲ್ಲ. ನೀಲಿ ಗಿಡದ ಎಲೆಯ ಪುಡಿಯನ್ನು ಅದರ ಮೇಲೆ ಹಚ್ಚಿ ಗಂಟೆಗಟ್ಟಲೆ ಕೂತರೆ ಕಪ್ಪಿನ ಹತ್ತಿರ ಬರುತ್ತದೆ, ಅದು ಬೇರೆ. ಹೊರಗೆ ಹಸಿರು ಎಲೆಯ ಚಿತ್ರ, ಒಳಗೆ ಅರ್ಧ ಗಂಟೆಯಲ್ಲಿ ಕಪ್ಪು ಅಂದರೆ ಅದರಲ್ಲಿ ಡೈ ಇದೆ ಅಂತಲೇ ತಿಳಿಯಿರಿ. ಮದುವೆ ಮನೆಗಳಲ್ಲಿ ಕೋನಿನ ಬಣ್ಣ ಗಾಢ ಆಗಲಿ ಎಂದು ಡೈ ಪುಡಿ ಬೆರೆಸಿ ಮಕ್ಕಳ ಕೈಗೆ ಹಚ್ಚುವುದನ್ನಂತೂ ದಯವಿಟ್ಟು ನಿಲ್ಲಿಸಿ. ಚಿಕ್ಕಂದಿನಲ್ಲಿ ಹಾಗೆ ಅಲರ್ಜಿ ಹತ್ತಿಸಿಕೊಂಡ ಹುಡುಗಿ ಮುಂದೆ ಮೊದಲ ಸಲ ತಲೆಗೆ ಡೈ ಹಚ್ಚಿದಾಗಲೇ ಆಸ್ಪತ್ರೆ ಸೇರಬೇಕಾಗಬಹುದು.

ಇನ್ನು ಮೂಗಿನ ಮಾತು. ಕೆರಾಟಿನ್, ಸ್ಮೂದನಿಂಗ್, ಬೊಟಾಕ್ಸ್ ಎಂದು ಕೂದಲು ನೇರ ಮಾಡುವ ಕೆಲಸ ಈಗ ತಾಲ್ಲೂಕು ಊರುಗಳಿಗೂ ಬಂದಿದೆ. ಮದುವೆ ಸೀಸನ್ನಿನಲ್ಲಿ ಬಿಡುವೇ ಇರುವುದಿಲ್ಲ ಎಂದು ಪಾರ್ಲರಿನ ಅಕ್ಕ ಒಬ್ಬರು ಈಗಷ್ಟೇ ಹೇಳಿದರು. ಇಂಥ ಕೆಲವು ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಕಾಲೇಜಿನ ಝೂವಾಲಜಿ ಲ್ಯಾಬಿನಲ್ಲಿ ಕಪ್ಪೆ, ಹಾವು ಹಾಕಿಟ್ಟ ಜಾಡಿಗಳಿರುತ್ತವಲ್ಲ, ಆ ಫಾರ್ಮಲಿನ್ನಿನ ಒಳಗಿನ ವಸ್ತು ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ 2004ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಖಚಿತ ಪಟ್ಟಿಗೆ ಸೇರಿಸಿತು. ನೀರಿನಲ್ಲಿ ಇದು ಮಿಥಿಲೀನ್ ಗ್ಲೈಕಾಲ್ ಆಗುತ್ತದೆ. ಲೇಬಲ್ಲಿನಲ್ಲಿ ಆ ಹೆಸರು ಬರೆದು ಕೈ ತೊಳೆದುಕೊಳ್ಳುವವರಿದ್ದಾರೆ. ಆಮೇಲೆ 200 ಡಿಗ್ರಿ ಮೀರಿ ಕಾದ ಐರನ್ ಎಳೆದಾಗ ಅದು ಮತ್ತೆ ಅನಿಲವಾಗಿ ಏಳುತ್ತದೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 2010ರಲ್ಲಿ 'ಫಾರ್ಮಾಲ್ಡಿಹೈಡ್ ಇಲ್ಲ' ಎಂದು ಬರೆದ ದ್ರಾವಣ ಪರೀಕ್ಷೆ ಮಾಡಿದರೆ ಸರಾಸರಿ ಶೇ 8ಕ್ಕಿಂತ ಜಾಸ್ತಿ ಸಿಕ್ಕಿತು.

ಅದನ್ನು ಬಿಟ್ಟು ಗ್ಲೈಆಕ್ಸಿಲಿಕ್ ಆ್ಯಸಿಡ್‌ಗೆ ಬಂದರು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದಂತಾಯಿತು. 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಬ್ಬ ಯುವತಿಯ ವರದಿ ಬಂತು. ಆಕೆ ಮೂರು ಸಲ ಕೂದಲು ನೇರ ಮಾಡಿಸಿದರು, ಮೂರು ಸಲವೂ ಮೂತ್ರಪಿಂಡಕ್ಕೆ ಪೆಟ್ಟಾಯಿತು. ವೈದ್ಯರು ಆ ಕ್ರೀಮನ್ನು ಇಲಿಗಳ ಚರ್ಮಕ್ಕೆ ಹಚ್ಚಿ ನೋಡಿದರೆ ಅವುಗಳ ಮೂತ್ರಪಿಂಡದಲ್ಲೂ ಆಕ್ಸಲೇಟ್ ಹರಳು ಕಂಡವು. ಗ್ಲೈಆಕ್ಸಿಲಿಕ್ ಆ್ಯಸಿಡ್ ಚರ್ಮದೊಳಗೆ ಇಳಿದು ಆಕ್ಸಲೇಟ್ ಆಗುತ್ತದೆ ಎಂಬುದು ಅವರ ವಿವರಣೆ.

ಕೂದಲು ನೇರ ಮಾಡುವವುಗಳ ಬಗ್ಗೆ ಇನ್ನೊಂದು ದೊಡ್ಡ ಅಧ್ಯಯನ 2022ರಲ್ಲಿ ಅಮೆರಿಕದಿಂದ ಬಂತು. 33,497 ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ್ದು. ವರ್ಷಕ್ಕೆ 4 ಸಲಕ್ಕಿಂತ ಜಾಸ್ತಿ ಇಂಥವನ್ನು ಬಳಸಿದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ 4.05, ಬಳಸದವರಲ್ಲಿ ಶೇ 1.64 ಎಂದು ಅಂದಾಜು ಮಾಡಿದರು. ಇದರಿಂದಲೇ ಬಂತು ಎಂದು ಒಂದೇ ಅಧ್ಯಯನ ಸಾಬೀತು ಮಾಡುವುದಿಲ್ಲ. ಆದರೆ ತಂಗಿಯ ಮದುವೆಗೆ ಒಮ್ಮೆ ಮಾಡಿಸುವುದಕ್ಕೂ ಎರಡು ತಿಂಗಳಿಗೊಮ್ಮೆ ಮಾಡಿಸುತ್ತಲೇ ಇರುವುದಕ್ಕೂ ವ್ಯತ್ಯಾಸ ಇದೆ ಅಂತಾದರೂ ತಿಳಿಯುತ್ತದೆ.

ಗಿರಾಕಿಗೆ ಅದು ಒಂದು ಮಧ್ಯಾಹ್ನದ ಹೊಗೆ. ಮಾಡುವವರಿಗೆ ದಿನಾಲೂ. ಐಎಆರ್‌ಸಿ ಇದನ್ನು ಬೇರೆ ಬೇರೆ ಮಾಡಿಯೇ ನೋಡಿದೆ. ಮನೆಯಲ್ಲಿ ತಮ್ಮ ತಲೆಗೆ ತಾವು ಡೈ ಹಚ್ಚಿಕೊಳ್ಳುವವರ ಬಗ್ಗೆ 'ಕ್ಯಾನ್ಸರ್ ಬರುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ' ಎಂದಿತು. ಕ್ಷೌರದ ಅಂಗಡಿ, ಪಾರ್ಲರುಗಳ ಕೆಲಸವನ್ನು ಮಾತ್ರ 'ಬಹುಶಃ ಕ್ಯಾನ್ಸರ್ ತರುವ' ಪಟ್ಟಿಯಲ್ಲಿ ಇಟ್ಟಿತು. ಬ್ಲೀಚ್ ಪುಡಿಯಲ್ಲಿರುವ ಪರ್‌ಸಲ್ಫೇಟಿನಿಂದ ಈ ಕೆಲಸದವರಿಗೆ ಅಸ್ತಮಾ ಬರುವುದೂ ಗೊತ್ತಿರುವ ಸಂಗತಿ. ನಮ್ಮ ಕಡೆ ಪಾರ್ಲರ್ ಅಂದರೆ ಹತ್ತು ಬೈ ಹತ್ತರ ಕೋಣೆ, ಗಾಜಿನ ಬಾಗಿಲು, ಒಂದು ಎಸಿ. ಎಸಿ ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ತಣ್ಣಗೆ ಮಾಡಿ ಅಲ್ಲೇ ತಿರುಗಿಸುತ್ತದೆ. ಬಟ್ಟೆಯ ಮಾಸ್ಕ್ ಧೂಳು ತಡೆದೀತು, ಅನಿಲ ತಡೆಯುವುದಿಲ್ಲ. ಗೋಡೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಅದು ಕೆಲಸಕ್ಕೆ ಬರುತ್ತದೆ.

ಪ್ರಶ್ನೆಗಳು

'ಸರ್, ಹಂಗಾದ್ರ ಸೀಗೆಕಾಯಿ, ಅಂಟುವಾಳನ ಚಲೋ ಅಲ್ರಿ?' ಎಂದು ಅಜ್ಜಿಯೊಬ್ಬರು ಕೇಳಿದರು.

ಚಲೋನೇ ಅಮ್ಮ, ಬಿಡಬೇಡಿ. ಅದರ ನೊರೆ ಸ್ಯಾಪೊನಿನ್ ಎಂಬ ವಸ್ತುವಿನಿಂದ ಬರುತ್ತದೆ, ಅದೂ ಜಿಡ್ಡು ತೆಗೆಯುತ್ತದೆ, ಕಣ್ಣಿಗೆ ಬಿದ್ದರೆ ಅದೂ ಉರಿಯುತ್ತದೆ. ನನ್ನ ಆಕ್ಷೇಪ ಇರುವುದು ಮೈ ಸೋಪಿನಲ್ಲಿ ತಲೆ ತೊಳೆಯುವವರ ಬಗ್ಗೆ. ನಮ್ಮ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಿಳಿ ಜಿಡ್ಡಾಗಿ ಕೂದಲಿಗೆ ಅಂಟುತ್ತದೆ. ಶಾಂಪೂವಿನಲ್ಲಿ ಹಾಗಾಗುವುದಿಲ್ಲ. ಬೋರ್ ನೀರಿಗೆ ಸೋಪಿಗಿಂತ ಶಾಂಪೂನೇ ವಾಸಿ.

ಶಾಂಪೂ ಬದಲಿಸಿದ ಮೇಲೆ ಕೂದಲು ಉದುರುತ್ತಿದೆ ಎಂದು ಇನ್ನೊಬ್ಬರು ಹೇಳಿದರು.

ಎರಡು ಮೂರು ತಿಂಗಳ ಹಿಂದೆ ಏನಾಗಿತ್ತು ಎಂದು ನೆನಪು ಮಾಡಿಕೊಳ್ಳಿ. ಡೆಂಗಿ, ಟೈಫಾಯ್ಡ್, ಹೆರಿಗೆ ಆದ ಮೇಲೆ ಅಷ್ಟು ದಿನ ಬಿಟ್ಟು ಕೂದಲು ಉದುರುವುದು ಸಾಮಾನ್ಯ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಶೇಗಾಂವ್ ಕಡೆ 2025ರ ಶುರುವಿನಲ್ಲಿ ಊರೂರೇ ತಲೆ ಬೋಳಾದ ಸುದ್ದಿ ಮರಾಠಿ ಚಾನೆಲ್‌ಗಳಲ್ಲಿ ನೋಡಿರುತ್ತೀರಿ. ಮೊದಲು ನೀರಿನ ಮೇಲೆ ಅನುಮಾನ ಬಂತು. ಚೇಳಿನ ವಿಷದ ಚಿಕಿತ್ಸೆಗೆ ಹೆಸರಾದ ಡಾ. ಹಿಮ್ಮತರಾವ್ ಬಾವಸ್ಕರ್ ಗೋಧಿ ಪರೀಕ್ಷೆ ಮಾಡಿಸಿ, ಅದರಲ್ಲಿ ಸೆಲೆನಿಯಂ ಅತಿ ಇದೆ ಎಂದರು. ತಲೆಯಿಂದ ಉದುರಿದ್ದಕ್ಕೆಲ್ಲ ತಲೆಗೆ ಹಚ್ಚಿದ್ದೇ ಕಾರಣ ಆಗಿರಬೇಕಿಲ್ಲ.

ಮಕ್ಕಳ ಹೇನಿಗೆ ಏನು ಹಚ್ಚಬೇಕು?

ಏನು ಹಚ್ಚಬಾರದು ಎನ್ನುವುದನ್ನು ಮೊದಲು ಹೇಳುತ್ತೇನೆ. ಹೊಲಕ್ಕೆ ಹೊಡೆಯುವ ಔಷಧ, ಸೀಮೆಎಣ್ಣೆ. ಎರಡೂ ಬೇಡವೇ ಬೇಡ. ದ್ರಾಕ್ಷಿ, ಕಬ್ಬು, ಹತ್ತಿ ಬೆಳೆಯುವ ಮನೆಗಳಲ್ಲಿ ಅರ್ಧ ಉಳಿದ ಕೀಟನಾಶಕದ ಡಬ್ಬಿ ಇದ್ದೇ ಇರುತ್ತದೆ. ಅದು ಮಗುವಿನ ನೆತ್ತಿಯಿಂದಲೇ ಒಳಗಿಳಿದು ಜೀವ ತೆಗೆಯಬಲ್ಲದು. ಔಷಧದ ಅಂಗಡಿಯಲ್ಲಿ ಶೇ 1ರ ಪರ್ಮೆಥ್ರಿನ್ ಸಿಗುತ್ತದೆ. ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಸೀರು ಒಡೆದು ಮತ್ತೆ ಹೇನು ಬರುತ್ತವೆ, ಅದಕ್ಕೇ ವಾರ-ಹತ್ತು ದಿನ ಬಿಟ್ಟು ಇನ್ನೊಮ್ಮೆ. ಜೊತೆಗೆ ಹೇನಿನ ಹಣಿಗೆ ಬೇಕೇ ಬೇಕು.

ಡೈ ಪುಡಿ ಮಗು ಬಾಯಿಗೆ ಹಾಕಿಕೊಂಡರೆ?

ಮನೆಯಲ್ಲಿ ವಾಂತಿ ಮಾಡಿಸಲು ಹೋಗಬೇಡಿ. ಪಿಪಿಡಿ ಹೊಟ್ಟೆಗೆ ಹೋದರೆ ಕೆಲವೇ ಗಂಟೆಯಲ್ಲಿ ಗಂಟಲು, ನಾಲಿಗೆ ಊದಿ ಉಸಿರು ಕಟ್ಟಬಹುದು. ಆಮೇಲೆ ಮೂತ್ರ ಕಪ್ಪಾಗಿ ಮೂತ್ರಪಿಂಡ ಕೆಡಬಹುದು. ಇದಕ್ಕೆಂದೇ ಇರುವ ಮದ್ದು ಇಲ್ಲ. ಪೊಟ್ಟಣ ಕೈಯಲ್ಲಿ ಹಿಡಿದುಕೊಂಡು, ಐಸಿಯು ಇರುವ ಆಸ್ಪತ್ರೆಗೆ ಕೂಡಲೇ ಹೊರಡಿ. ಆ ಪೊಟ್ಟಣ ನೋಡಿದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ. ಮಕ್ಕಳಿರುವ ಮನೆಯಲ್ಲಿ ಡೈಯನ್ನು ಅಡುಗೆಮನೆಯ ಡಬ್ಬಿಗಳ ಜೊತೆ ಇಡಬೇಡಿ.

ಕೊನೆಗೆ ಕಟಿಂಗ್ ಅಂಗಡಿಯ ಹುಡುಗನೊಬ್ಬ ಎದ್ದು ಎರಡೂ ಕೈ ತೋರಿಸಿದ. ಬೆರಳ ಸಂದಿನಲ್ಲಿ ಚರ್ಮ ಒಡೆದಿತ್ತು. 'ಗ್ಲೌಸ್ ಹಾಕ್ಕೋತೀನ್ರಿ ಸರ್, ಆದ್ರೂ ಹಿಂಗ್ಯಾಕ?' ಎಂದ.

ಮೊದಲು ಚರ್ಮದ ಡಾಕ್ಟರಿಗೆ ತೋರಿಸಪ್ಪ, ಪಿಪಿಡಿಗೆ ಅಲರ್ಜಿ ಇದೆಯಾ ಎಂದು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ನೋಡುತ್ತಾರೆ. ಆಮೇಲೆ ಗ್ಲೌಸಿನ ವಿಷಯ. ಪೊಟ್ಟಣದ ಜೊತೆ ಬರುವ ತೆಳು ಪ್ಲಾಸ್ಟಿಕ್ ಸಡಿಲ ಇರುತ್ತದೆ, ಬೇಗ ಹರಿಯುತ್ತದೆ. ನೈಟ್ರೈಲ್ ಗ್ಲೌಸ್ ತೆಗೆದುಕೋ, ಒಂದು ತಲೆಗೆ ಒಂದು ಜೊತೆ. ತೊಳೆದು, ಒಳಹೊರಗು ಮಾಡಿ ಮತ್ತೆ ಹಾಕಿಕೊಂಡರೆ ಡೈಯನ್ನು ಗ್ಲೌಸಿನ ಒಳಗೆ ಕೂಡಿಟ್ಟುಕೊಂಡಂತೆ. ಇನ್ನೊಂದು, ಹಚ್ಚುವಾಗ ಗ್ಲೌಸ್ ಹಾಕಿಕೊಂಡು, ಗಿರಾಕಿಯ ತಲೆ ತೊಳೆಯುವಾಗ ತೆಗೆದುಬಿಡುತ್ತೀರಿ ಅಲ್ವಾ? ಆ ನೀರಿನಲ್ಲೂ ಡೈ ಇದೆ. ತೊಳೆದು ಮುಗಿಯುವ ತನಕ ಕೈಯಲ್ಲಿರಲಿ. ಗಿರಾಕಿ ಕಟಿಂಗ್, ಡೈ ಎರಡೂ ಕೇಳಿದರೆ ಮೊದಲು ಕಟಿಂಗ್ ಮುಗಿಸು. ಆಗ ತಾನೇ ಡೈ ಹಚ್ಚಿದ ಒದ್ದೆ ಕೂದಲನ್ನು ಬರಿಗೈಯಲ್ಲಿ ಹಿಡಿದು ಕತ್ತರಿಸುವುದು ತಪ್ಪುತ್ತದೆ.